ಹದಿನೈದು ಹನಿ

ಹದಿನೈದು ಎಂದು ಎಣಿಸಿದ ಮೇಲೂ ಚಕ್ರಪಾಣಿಯ ಕೈ ನಿಲ್ಲಲಿಲ್ಲ. ಹದಿನಾರು. ಹದಿನೇಳು. ಗಾಜಿನ ನಳಿಗೆಯ ತುದಿಯಲ್ಲಿ ಕಂದು ಹನಿ ಒಂದೊಂದೂ ದಪ್ಪಗಾಗಿ, ಬೀಳಲೋ ಬೇಡವೋ ಎಂದು ಒಂದು ಗಳಿಗೆ ತೂಗಿ, ಲೋಟದ ನೀರಿಗೆ ಬಿದ್ದು ಎಳೆಯೆಳೆಯಾಗಿ ಬಿಚ್ಚಿಕೊಳ್ಳುವುದನ್ನು ಅವನು ಉಸಿರು ಬಿಗಿಹಿಡಿದು ನೋಡಿದ. ಅಡುಗೆಮನೆಯಲ್ಲಿ ಹೆಂಡತಿ ಆಂಡಾಳ್ ಒಲೆಗೆ ಇದ್ದಿಲು ಸುರಿಯುತ್ತಿದ್ದ ಸದ್ದು. ಅವಳು ಈ ಕಡೆ ಬರುವುದರೊಳಗೆ ಆಗಬೇಕು. ಇಪ್ಪತ್ತೈದಕ್ಕೆ ಕೈ ತಾನಾಗಿ ನಿಂತಿತು. ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆದಿಟ್ಟು, ಬಾಟಲಿಗೆ ಬಿರಡೆ ಹಾಕಿ ಗೋಡೆಯ ಗೂಡಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟ. ಅರವತ್ತೊಂದು ವರ್ಷದ ಗಂಡಸು, ಸರ್ಕಾರದ ಅಠಾರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು, ತನ್ನ ಮನೆಯಲ್ಲಿ ತನ್ನದೇ ಔಷಧಿಯನ್ನು ಕದ್ದು ಕುಡಿಯುತ್ತಿದ್ದೇನಲ್ಲ ಎಂದುಕೊಂಡು ನಗು ಬಂತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಔಷಧಿ ಇನ್ನೂ ಹೊಟ್ಟೆಗೇ ಇಳಿದಿರಲಿಲ್ಲ, ಅದರ ತಪ್ಪಲ್ಲ. ಇವತ್ತು ಸಂಜೆ ಆರು ಗಂಟೆಗೆ ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿ ಅವನ ಕೊಳಲು ಕಚೇರಿ. ಮದುವೆಮನೆಯ ಮೂಲೆಯಲ್ಲಿ ಜನ ಊಟಕ್ಕೆ ಏಳುವವರೆಗೆ ನುಡಿಸುವುದಲ್ಲ. ಭಜನೆಯವರ ಹಿಂದೆ ಕೂತು ಊದುವುದಲ್ಲ. ಪಿಟೀಲು, ಮೃದಂಗ, ಮೈಕು, ಎರಡು ಗಂಟೆಯ ಪೂರ್ತಿ ಕಚೇರಿ. ನಲವತ್ತು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು.

ಸಿಕ್ಕಿದ್ದು ಜನವರಿಯಲ್ಲಿ, ಮೂತ್ರ ಕಟ್ಟಿಕೊಂಡಿದ್ದು ಶಿವರಾತ್ರಿಯ ಮರುದಿನ. ಶಿವರಾತ್ರಿಗೂ ರಾಮೋತ್ಸವಕ್ಕೂ ನಡುವೆ ಆಸ್ಪತ್ರೆ, ಹೊಟ್ಟೆ ಕೊಯ್ದಿದ್ದು, ಒಳಗಿನ ಗಂಟು ತೆಗೆದಿದ್ದು, ರಬ್ಬರ್ ನಾಳ ಹಾಕಿಕೊಂಡು ಹದಿನಾಲ್ಕು ದಿನ ಮಲಗಿದ್ದು ಎಲ್ಲ ನಡೆದುಹೋಯಿತು. ಮಂಚದ ಕೆಳಗೆ ಗಾಜಿನ ಜಾಡಿ. ದಿನಕ್ಕೆ ಎರಡು ಸಲ ನರ್ಸಮ್ಮ ಅದನ್ನು ಬೆಳಕಿಗೆ ಎತ್ತಿ ಹಿಡಿದು, ವಾರ್ಡಿನ ಇಪ್ಪತ್ತು ಮಂಚಕ್ಕೂ ಕೇಳುವಂತೆ, "ಹನ್ನೊಂದನೇ ನಂಬರಿಂದು ಇವತ್ತು ಕೆಂಪು ಕಡಿಮೆ" ಎಂದು ಸಾರುತ್ತಿದ್ದಳು. ಹನ್ನೊಂದನೇ ನಂಬರು ಗೋಡೆಯ ಕಡೆ ಹೊರಳಿ, ಹೊದಿಕೆಯ ಮೇಲೆ ಬೆರಳಿನಲ್ಲಿ ಕಲ್ಯಾಣಿಯ ಸ್ವರ ಇಡುತ್ತಿದ್ದ. ಮಲ್ಲೇಶ್ವರದ ತಮ್ಮ ಬೀದಿಯಲ್ಲಿ ಎಲ್ಲರಿಗೂ ಹರ್ನಿಯಾ ಎಂದು ಹೇಳಿಯಾಗಿತ್ತು. ಹರ್ನಿಯಾ ಎಂದರೆ ಭಾರ ಎತ್ತಿದವನಿಗೆ ಬರುವ ಕಾಯಿಲೆ, ಗೌರವಸ್ಥರ ಕಾಯಿಲೆ. ಎದುರುಮನೆಯ ವಿಶಾಲಮ್ಮ, "ಏನು ಭಾರ ಎತ್ತಿದ್ರಿ, ಕೊಳಲು ಎತ್ತಿದ್ದಕ್ಕೇ ಹರ್ನಿಯಾ ಬಂತೇ?" ಎಂದು ಕೇಳಿದಾಗ ಆಂಡಾಳ್ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿದ್ದಳು. ನಾಳ ತೆಗೆದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದ. ನಾಳ ತೆಗೆದ ಮೇಲೆ ಶುರುವಾಯಿತು. ಕೂತಲ್ಲಿ, ನಿಂತಲ್ಲಿ, ಇದ್ದಕ್ಕಿದ್ದ ಹಾಗೆ ಕಿಬ್ಬೊಟ್ಟೆಯ ಒಳಗೆ ಯಾರೋ ಒದ್ದೆ ಪಂಚೆಯನ್ನು ಎರಡೂ ಕೈಯಲ್ಲಿ ತಿರುಚಿ ಹಿಂಡಿದಂತೆ ನೋವು. ಈಗಿಂದೀಗ ಹೋಗಬೇಕು ಎಂಬ ಒತ್ತಾಯ. ಹೋದರೆ ಒಂದು ಔನ್ಸೂ ಇಲ್ಲ. ಹೋಗದಿದ್ದರೆ ಪಂಚೆಯ ಮೇಲೆ ನಾಣ್ಯದಷ್ಟು ಒದ್ದೆ.

"ನಿಮ್ಮ ಮೂತ್ರಕೋಶದ ಒಳಗೆ ಗಾಯ ಮಾಯ್ತಾ ಇದೆ ನೋಡಿ," ಎಂದಿದ್ದರು ಡಾಕ್ಟರ್ ರಾಮಸ್ವಾಮಿ, ಚೀಟಿ ಬರೆಯುತ್ತಲೇ. "ಒಳಗೆ ಏನೋ ಸಿಕ್ಕಿಹಾಕ್ಕೊಂಡಿದೆ ಅಂತ ಅದರ ಭ್ರಮೆ. ಆಚೆ ತಳ್ಳೋಣ ಅಂತ ಹಿಂಡುತ್ತೆ. ಇರೋದು ಏನೂ ಇಲ್ಲ. ಈ ಬೆಲಡೋನ ಹನಿ ಅದನ್ನ ಸಮಾಧಾನ ಮಾಡುತ್ತೆ. ದಿನಕ್ಕೆ ಮೂರು ಸಲ, ಹದಿನೈದು ಹನಿ, ನೀರಿನಲ್ಲಿ. ಬಾಯಿ ಒಣಗುತ್ತೆ, ಓದೋವಾಗ ಅಕ್ಷರ ಮಂಜಾಗುತ್ತೆ, ಗಾಬರಿ ಬೀಳಬೇಡಿ. ಜಾಸ್ತಿ ತಗೊಂಡ್ರೆ ತಲೆಗೆ ಏರುತ್ತೆ. ನೀರು ಚೆನ್ನಾಗಿ ಕುಡೀರಿ. ಎರಡು ಮೂರು ತಿಂಗಳಲ್ಲಿ ತಾನಾಗೇ ನಿಲ್ಲುತ್ತೆ."

ಬಾಯಿ ಒಣಗುತ್ತೆ. ಎಷ್ಟು ಸಲೀಸಾಗಿ ಅಂದುಬಿಟ್ಟರು! ಬಾಯಿ ಒಣಗಿದರೆ ಕೊಳಲಿನಲ್ಲಿ ಏನು ಉಳಿಯುತ್ತದೆ? ಮೊದಲ ದಿನ ಹನಿ ಕುಡಿದ ಅರ್ಧ ಗಂಟೆಗೆ ಹಿಂಡುವುದು ನಿಂತು, ಆ ಸುಖಕ್ಕೆ ಕಣ್ಣಲ್ಲಿ ನೀರು ಬಂದು, ಕೊಳಲು ಎತ್ತಿ ತುಟಿಗೆ ಇಟ್ಟರೆ ಬಂದದ್ದು ಬರೀ ಗಾಳಿ. ತುಟಿ ಕಾಗದವಾಗಿತ್ತು. ನಾಲಿಗೆ ಅಂಗುಳಿಗೆ ಅಂಟಿತ್ತು. ಆಮೇಲೆ ಇಪ್ಪತ್ತು ದಿನ ಅವನು ಮಾಡಿದ್ದು ಒಂದೇ ಕೆಲಸ: ಗಡಿಯಾರ ನೋಡುವುದು. ಹನಿ ಕುಡಿದ ಎಷ್ಟು ಹೊತ್ತಿಗೆ ನೋವು ಹೋಗುತ್ತದೆ, ಎಷ್ಟು ಹೊತ್ತಿಗೆ ಬಾಯಿ ಒಣಗುತ್ತದೆ, ಯಾವಾಗ ಎಂಜಲು ಮರಳಿ ಊರುತ್ತದೆ, ನೋವು ಯಾವಾಗ ಮರಳಿ ಬರುತ್ತದೆ. ಎಂಜಲು ಊರುವುದಕ್ಕೂ ನೋವು ಬರುವುದಕ್ಕೂ ನಡುವೆ ಒಂದು ಸಂದು ಇತ್ತು. ಕೆಲವು ದಿನ ಅರ್ಧ ಗಂಟೆ, ಕೆಲವು ದಿನ ಒಂದು. ಆ ಸಂದನ್ನು ಎಳೆದು ಎರಡು ಗಂಟೆ ಮಾಡಬೇಕು, ಸಂಜೆ ಆರಕ್ಕೆ ಸರಿಯಾಗಿ ತಂದು ಕೂರಿಸಬೇಕು. ಬೆಳಿಗ್ಗೆ ಜಾಸ್ತಿ ತಗೊಂಡು ಮಧ್ಯಾಹ್ನದ್ದು ಬಿಟ್ಟುಬಿಟ್ಟರೆ? ಯಾವ ಡಾಕ್ಟರಿಗೂ ಹೊಳೆಯದ ಉಪಾಯ ಎಂದು ನಿನ್ನೆ ಹೊಳೆದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗಿರಲಿಲ್ಲ.

ಎಂಟು ಗಂಟೆಗೆಲ್ಲ ಜಗತ್ತು ಹೊಳೆಯತೊಡಗಿತು. ಬಾಗಿಲಲ್ಲಿ ನಿಂತು ನೋಡಿದರೆ ಬೀದಿಯ ಕೊನೆಯ ಗುಲ್‌ಮೊಹರು ಮರ ಉರಿಯುತ್ತಿತ್ತು, ಹಾಲಿನವಳ ಹಿತ್ತಾಳೆ ಕೊಡದ ಮೇಲೆ ಕಣ್ಣು ನಿಲ್ಲಿಸಲಾಗುತ್ತಿರಲಿಲ್ಲ. ಪತ್ರಿಕೆ ಬಿಡಿಸಿದರೆ ಅಕ್ಷರಗಳು ಒಂದರೊಳಗೊಂದು ಕರಗಿ ಬೂದಿಯಾಗಿದ್ದವು. ದೂರದ್ದೆಲ್ಲ ಸ್ಪಷ್ಟ, ಹತ್ತಿರದ್ದೆಲ್ಲ ಮಂಜು. ಮುಖ ಕಾದ ಹೆಂಚಾಗಿತ್ತು. ಮಾತು ಮಾತ್ರ ಎಲ್ಲಿತ್ತೋ, ಪುಂಖಾನುಪುಂಖವಾಗಿ ಬಂತು. ಮೊದಲು ಕಲ್ಯಾಣಿಯೋ ಕೇದಾರಗೌಳವೋ, ಮೈಕನ್ನು ಕೊಳಲಿಗೆ ಎಷ್ಟು ದೂರ ಇಡಬೇಕು, ವರದರಾಜನ ಪಿಟೀಲು ಮೇಲಿನ ಸ್ಥಾಯಿಯಲ್ಲಿ ಯಾಕೆ ಕೀರಲು, ಉತ್ಸವದ ದೊರೆಸ್ವಾಮಿ ಆಹ್ವಾನದ ಕಾರ್ಡಿನಲ್ಲಿ 'ವಿದ್ವಾನ್' ಎಂದು ಹಾಕಿಸಿದ್ದಾನಾ ಇಲ್ಲವಾ, ಹಾಕಿಸದಿದ್ದರೂ ತನಗೇನೂ ಇಲ್ಲ, ಆದರೂ ಹಾಕಿಸಬಹುದಿತ್ತು. ಆಂಡಾಳ್ ಬೇಳೆ ಆರಿಸುತ್ತ ಕೇಳುತ್ತಿದ್ದವಳು ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

"ಏನ್ರೀ ಮುಖ ಇಷ್ಟು ಕೆಂಪಗಿದೆ? ಜ್ವರ ಬಂತಾ?"

"ಬಿಸಿಲು ಕಣೇ."

"ಮನೆ ಒಳಗೆ ಬಿಸಿಲಾ?"

"ಏಪ್ರಿಲ್ ಅಲ್ವೇನೇ, ಎಲ್ಲ ಕಡೆ ಬಿಸಿಲೇ," ಎಂದು ಅವನು ನಕ್ಕ ರೀತಿಗೆ ಅವನಿಗೇ ಅನುಮಾನ ಬಂತು. ನಗು ಒಂದು ಗಳಿಗೆ ಜಾಸ್ತಿ ಹೊತ್ತು ಉಳಿದಿತ್ತು. ಆಂಡಾಳ್ ನೀರಿನ ಚೊಂಬನ್ನು ತಂದು ಅವನ ಪಕ್ಕದಲ್ಲಿ ಕುಟ್ಟಿ ಇಟ್ಟು ಹೋದಳು. ಅದನ್ನು ಅವನು ಮುಟ್ಟಲಿಲ್ಲ. ಕುಡಿದರೆ ತಾನೇ ತುಂಬುವುದು?

ಹತ್ತು ಗಂಟೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕೊಳಲು ಎತ್ತಿದ. ಗಾಳಿ. ತುಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಊದಿದ. ಷಡ್ಜ ಹೊರಗೆ ಬಂದಂತಾಗಿ ಸೀಳಿತು. ನಿಂಬೆಹಣ್ಣು ಕೊಯ್ದು ಚೀಪಿದ, ಹಲ್ಲು ಜುಮ್ಮೆಂದಿತೇ ಹೊರತು ನಾಲಿಗೆ ಒದ್ದೆಯಾಗಲಿಲ್ಲ. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಬೆರಳುಗಳು ರಂಧ್ರಗಳ ಮೇಲೆ ತಾವಾಗಿ ಓಡಾಡಿದವು, ಸದ್ದಿಲ್ಲದೆ ಇಡೀ ಆಲಾಪನೆ ನುಡಿಸಿಬಿಟ್ಟವು, ಒಳಗೆ ಮಾತ್ರ ಕೇಳುತ್ತಿತ್ತು. ಚಪ್ಪರದಲ್ಲಿ ಅದು ಹೇಗೆ ಹಬ್ಬಬಹುದು ಎಂದು ನೆನೆದು ಮೈ ನವಿರೆದ್ದಿತು. ಹೀಗೇ ಬಾಗಿಲು ಹಾಕಿಕೊಂಡೇ ಅಲ್ಲವೇ ಅವನು ಯಾವಾಗಲೂ ನುಡಿಸಿದ್ದು. ಆಗ ಇದ್ದದ್ದು ಚಾಮರಾಜಪೇಟೆಯ ಬಾಡಿಗೆ ಮನೆ, ಎರಡೇ ಕೋಣೆ. ನಡುಮನೆಯಲ್ಲಿ ಚಾಪೆಯ ಮೇಲೆ ಅಪ್ಪ. ಅಪ್ಪನಿಗೂ ಇದೇ ಕಾಯಿಲೆ, ಆಗ ಅದಕ್ಕೆ ವಯಸ್ಸಾಯಿತು ಎಂದೇ ಹೆಸರು. "ಚಕ್ರೂ," ಎಂದು ಕರೆಯುತ್ತಿದ್ದರು, "ಚಕ್ರೂ, ಸ್ವಲ್ಪ ಕೈ ಹಿಡ್ಕೊಳ್ಳೋ, ಹಿತ್ತಲಿಗೆ ಹೋಗಬೇಕು." ಗಂಟೆಗೆ ಮೂರು ಸಲ. ಒಂದು ಸಂಜೆ, ಮೇಲಿನ ಪಂಚಮ ಮೊಟ್ಟಮೊದಲ ಸಲ ಅಲುಗದೆ ನಿಂತಿತ್ತು, ಆಗ ಬಾಗಿಲ ಆಚೆಯಿಂದ ಚಕ್ರೂ ಎಂದು ಬಂತು. ಕೇಳಿಸಿತು. ಚೆನ್ನಾಗಿ ಕೇಳಿಸಿತು. ಕೇಳಿಸಲಿಲ್ಲ ಎಂದುಕೊಂಡು ಪಂಚಮವನ್ನೇ ಹಿಡಿದ. ಉಸಿರು ಮುಗಿಯುವವರೆಗೂ ಹಿಡಿದ. ಮತ್ತೆ ಉಸಿರು ತಗೊಂಡು ಮತ್ತೆ ಹಿಡಿದ. ಬಾಗಿಲು ತೆಗೆದಾಗ ಅಪ್ಪ ಹೊಸಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು, ಪಂಚೆ ಪೂರ್ತಿ ನೆನೆದಿತ್ತು, ನೆಲ ನೆನೆದಿತ್ತು. ಅವರು ಬೈಯಲಿಲ್ಲ. "ಈಗ ಶ್ರುತಿ ಸೇರ್ತಾ ಇದೆ ನೋಡು," ಎಂದರು. ಬೈದಿದ್ದರೆ ಅದು ಅವತ್ತೇ ಮುಗಿಯುತ್ತಿತ್ತು. ಮೂವತ್ತಮೂರು ವರ್ಷದಿಂದ ಆ ಮಾತು ಯಾವುದಾದರೂ ಸುಳಿವಿಲ್ಲದ ಹೊತ್ತಿನಲ್ಲಿ ಬಂದು ಕಿವಿಯಲ್ಲಿ ಕೂರುತ್ತದೆ. ಇವತ್ತು ಅದು ಕೂತದ್ದೂ ಹೊಳಪಿನಲ್ಲೇ, ನೆಲದ ಆ ಒದ್ದೆಯೂ ಕಣ್ಣಿಗೆ ಹೊಡೆಯುವ ಹಾಗೆ ಮಿಂಚುತ್ತಿತ್ತು. ಕೊಳಲನ್ನು ಚೀಲಕ್ಕೆ ಸೇರಿಸಿ, ಎದ್ದು ಕೋಣೆಯ ಉದ್ದಕ್ಕೂ ನಡೆದ, ಹಿಂದಕ್ಕೆ, ಮುಂದಕ್ಕೆ, ಊಟಕ್ಕೆ ಕರೆಯುವವರೆಗೆ.

ಎರಡು ಗಂಟೆಗೆ ಆಂಡಾಳ್ ತಾನೇ ಹನಿ ಹಾಕಿ ಲೋಟ ತಂದು ಎದುರಿಗೆ ನಿಂತಳು. ಅವಳ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡ, ನುಂಗಿದವನಂತೆ ತಲೆಯಾಡಿಸಿದ, ಕೆನ್ನೆ ಉಬ್ಬದಂತೆ ನೋಡಿಕೊಂಡು ಬಚ್ಚಲಿಗೆ ನಡೆದ. ಕಹಿ ನಾಲಿಗೆಯ ಬುಡಕ್ಕೆ ಹತ್ತುತ್ತಿತ್ತು. ತೂಬಿನ ಬಳಿ ಬಗ್ಗಿ ಉಗುಳಿದ. ಹೊರಗಿನಿಂದ ಅವಳ ದನಿ ಬಂತು: "ಚೆನ್ನಾಗಿ ಬಾಯಿ ಮುಕ್ಕಳಿಸಿಬಿಡಿ. ಕಹಿ ಇರುತ್ತೆ." ಅವನು ಅಲ್ಲೇ ಬಗ್ಗಿದವನು ಸ್ವಲ್ಪ ಹೊತ್ತು ಏಳಲಿಲ್ಲ.

ನಾಲ್ಕೂವರೆಗೆ ಜಟಕಾ ಬಂತು. ಆಂಡಾಳ್ ಹಾಸಿದ್ದ ಎರಡು ಮೆತ್ತೆಯ ಮೇಲೆ, ಮಡಿಲಲ್ಲಿ ಕೊಳಲಿನ ಚೀಲ ಇಟ್ಟುಕೊಂಡು ಕೂತ. ಮುಖದ ಕಾವು ಇಳಿದಿತ್ತು. ಗಾಡಿ ಮಲ್ಲೇಶ್ವರ ದಾಟುವ ಹೊತ್ತಿಗೆ ನಾಲಿಗೆಯ ಕೆಳಗೆ, ಎಡಗಡೆ, ಒಂದು ಚೂರು ತೇವ. ಅವನು ಉಸಿರಾಡುವುದನ್ನೇ ಮರೆತು ಕಾದ. ತೇವ ಹರಡಿತು. ತುಟಿ ಸವರಿಕೊಂಡ, ತುಟಿ ತುಟಿಯಂತಿತ್ತು. ಬಂತು! ಲೆಕ್ಕ ಹಾಕಿದ ಹೊತ್ತಿಗೇ ಬಂತು! ಗಾಡಿಯಿಂದ ಇಳಿದು ಕುಣಿಯಬೇಕೆನಿಸಿ, ಗಾಡಿಯವನ ಬೆನ್ನು ತಟ್ಟಿ, "ಏನು ಸಾಬರೇ, ಕುದುರೆ ಬಲು ಚೆನ್ನಾಗಿದೆ," ಎಂದುಬಿಟ್ಟ. ಗಾಡಿಯವನು ತಿರುಗಿ ಕುದುರೆಯನ್ನೊಮ್ಮೆ ಇವನನ್ನೊಮ್ಮೆ ನೋಡಿದ.

"ಬೆಳಿಗ್ಗೆ ನೀವು ಎಣಿಸಿದ್ದು ನನಗೆ ಕೇಳಿಸ್ತು," ಎಂದಳು ಆಂಡಾಳ್, ಬೀದಿ ನೋಡುತ್ತಲೇ.

"ಏನು ಎಣಿಸಿದ್ದು?"

"ಇಪ್ಪತ್ತೈದು. ನಿಮಗೆ ಮನಸ್ಸಿನಲ್ಲಿ ಎಣಿಸೋಕೆ ಯಾವತ್ತು ಬಂದಿದೆ? ಕಚೇರಿ ಲೆಕ್ಕನೂ ಬಾಯಲ್ಲೇ ಮಾಡ್ತಿದ್ರಿ."

"ಮಧ್ಯಾಹ್ನದ್ದು..." ಎಂದ.

"ಮಧ್ಯಾಹ್ನ ನಾನು ಮೂರೇ ಹನಿ ಹಾಕಿದ್ದೆ. ಹೇಗಿದ್ರೂ ಉಗುಳ್ತೀರಲ್ಲ, ದಂಡ ಯಾಕೆ ಅಂತ."

"ಮತ್ತೆ ಯಾಕೆ ಬೈಲಿಲ್ಲ?"

"ಬೈದ್ರೆ ಕಚೇರಿ ಬಿಡ್ತಿದ್ರಾ?" ಅವಳು ಈಗ ಅವನ ಕಡೆ ತಿರುಗಿದಳು. ಕಣ್ಣಿನಲ್ಲಿ ಸಿಟ್ಟು ಇತ್ತು, ಸಿಟ್ಟಿನ ಜೊತೆಗೆ ಇನ್ನೂ ಏನೋ ಇತ್ತು. ಅವಳೂ ಒಳ್ಳೆಯ ಸೀರೆ ಉಟ್ಟಿದ್ದಾಳೆ, ಮಲ್ಲಿಗೆ ಮುಡಿದಿದ್ದಾಳೆ ಎಂಬುದು ಅವನಿಗೆ ಆಗ ಕಂಡಿತು. "ಚೀಲದಲ್ಲಿ ಇನ್ನೊಂದು ಪಂಚೆ ಇಟ್ಟಿದ್ದೀನಿ. ಅಂಥದ್ದೇನಾದ್ರೂ ಆದ್ರೆ ಒದ್ದಾಡಬೇಡಿ, ಎದ್ದು ಬಂದ್ಬಿಡಿ."

"ಕಚೇರಿ ಮಧ್ಯೆ ಎದ್ದು ಬರೋದಾ? ಯಾರಾದ್ರೂ ಏಳ್ತಾರೇನೇ!"

ಕಾಟನ್‌ಪೇಟೆಯ ಕಲ್ಲುಹಾದಿಯಲ್ಲಿ ಮೂಟೆ ಹೊತ್ತ ಎತ್ತಿನಗಾಡಿಗಳ ನಡುವೆ ಜಟಕಾ ಕುಲುಕಿ ಕುಲುಕಿ ನುಗ್ಗುವಾಗ ಕಿಬ್ಬೊಟ್ಟೆಯಲ್ಲಿ ಏನೋ ಮಗ್ಗುಲು ಹೊರಳಿತು. ಇನ್ನೂ ಹಿಂಡಲಿಲ್ಲ. ನಿದ್ದೆಯಲ್ಲಿದ್ದದ್ದು ಕಣ್ಣು ಬಿಟ್ಟಂತೆ, ಅಷ್ಟೆ.

ಚಪ್ಪರದಲ್ಲಿ ಕಾರ್ಯದರ್ಶಿ ದೊರೆಸ್ವಾಮಿ ಬಿಳಿ ಜುಬ್ಬ ತೊಟ್ಟು ಓಡಾಡುತ್ತಿದ್ದ. "ಬನ್ನಿ ಬನ್ನಿ, ಹೇಗಿದೆ ಹರ್ನಿಯಾ?" ಎಂದು ಬಾಯಿ ತುಂಬ ವಿಚಾರಿಸಿ, ಕೈಗೆ ಪಾನಕದ ದೊಡ್ಡ ಲೋಟ ಕೊಟ್ಟ. ದೇವರ ಪ್ರಸಾದ, ಬೇಡ ಎನ್ನುವ ಹಾಗಿಲ್ಲ. ಬೆಲ್ಲ, ಏಲಕ್ಕಿ, ನಿಂಬೆಯ ವಾಸನೆಗೆ ಬೆಳಗಿನಿಂದ ಒಣಗಿದ್ದ ಗಂಟಲು ಮರುಳಾಗಿ ಅವನಿಗೆ ತಿಳಿಯುವ ಮೊದಲೇ ಲೋಟ ಬರಿದಾಗಿತ್ತು. ದೊರೆಸ್ವಾಮಿ ಇನ್ನೊಂದು ಲೋಟ ಕೊಟ್ಟ. ಅದನ್ನೂ ಕುಡಿದ. ಮೃದಂಗದ ಶೀನಣ್ಣ, ಮೂವತ್ತು ವರ್ಷದ ಗೆಳೆಯ, ಆಗಲೇ ವೇದಿಕೆಯ ಮೇಲೆ ಕೂತು ವಾದ್ಯದ ಎಡಮುಖಕ್ಕೆ ರವೆ ಮೆತ್ತುತ್ತಿದ್ದ. ಪಿಟೀಲಿನ ವರದರಾಜ ಚಿಕ್ಕವನು, ಎದ್ದು ನಮಸ್ಕಾರ ಮಾಡಿದ. ಸಾಲುಸಾಲು ಚಾಪೆ ತುಂಬಿತ್ತು. ಎಡಗಡೆ ಹೆಂಗಸರು, ಅವರ ನಡುವೆ ಆಂಡಾಳಳ ಹೂವಿನ ಬಿಳುಪು. ವೇದಿಕೆಯ ಎದುರಿಗೆ ಒಂದು ಸಾಲು ಕುರ್ಚಿ, ಊರ ಹಿರಿಯರಿಗೆ. ಸರಿಯಾಗಿ ನಡುವಿನ ಕುರ್ಚಿಯಲ್ಲಿ ಕಾಟನ್‌ಪೇಟೆಯ ಜವಳಿ ವ್ಯಾಪಾರಿ ಪಂಚಾಕ್ಷರಯ್ಯನವರು, ಹಣೆಯ ತುಂಬ ವಿಭೂತಿ, ಜರಿ ರುಮಾಲು, ಬೆತ್ತದ ಮೇಲೆ ಎರಡೂ ಕೈ. ಪ್ರತಿವರ್ಷ ಚಪ್ಪರ ಹಾಕಿಸುವವರು ಅವರೇ. ಅವರು ತಲೆಯಾಡಿಸಿದರೆ ಮುಂದಿನ ವರ್ಷವೂ ಕರೆ ಬರುತ್ತದೆ, ಕಚೇರಿಯ ಮಧ್ಯೆ ಎದ್ದು ಹೋದರೆ ಆ ವಿದ್ವಾಂಸನ ಕಥೆ ಮುಗಿಯಿತು ಎಂದು ಚಾಮರಾಜಪೇಟೆಯಲ್ಲಿ ಪ್ರತೀತಿ.

ಮೊದಲ ಷಡ್ಜ ಎಷ್ಟು ತುಂಬಿ ಬಂತೆಂದರೆ ಚಕ್ರಪಾಣಿ ತಾನೇ ಬೆಚ್ಚಿದ. ಹೊಂಗೆಮರಕ್ಕೆ ಕಟ್ಟಿದ್ದ ಧ್ವನಿವರ್ಧಕದಿಂದ ಅದು ಬೀದಿಗೆ ಹೋಗಿ, ಎದುರು ಮನೆಗಳ ಗೋಡೆಗೆ ತಗಲಿ, ಒಂದು ಕ್ಷಣ ತಡವಾಗಿ ಅವನ ಕಿವಿಗೇ ಮರಳಿ ಬಂತು. ಇದು ನಾನೇ? ಬಾಗಿಲು ಹಾಕಿಕೊಂಡು ನಲವತ್ತು ವರ್ಷ ಊದಿದ್ದು ಇದೇ? ಮೊದಲನೆಯ ಕೀರ್ತನೆ ಹೇಗೆ ಮುಗಿಯಿತೋ ತಿಳಿಯಲಿಲ್ಲ, ಶೀನಣ್ಣ ಮುಕ್ತಾಯ ಕೊಟ್ಟು "ಭಲೆ!" ಎಂದಾಗ ತಿಳಿಯಿತು. ಎರಡನೆಯದು, ಮೂರನೆಯದು. ಜನ ಬರುತ್ತಲೇ ಇದ್ದರು. ಪಂಚಾಕ್ಷರಯ್ಯನವರ ಬೆರಳು ಬೆತ್ತದ ಮೇಲೆ ತಾಳ ಹಾಕುತ್ತಿತ್ತು. ಮುಖ್ಯವಾದ ಕಲ್ಯಾಣಿಗೆ ಕೈ ಹಾಕಿದ. ಕೆಳಗಿನ ಸ್ಥಾಯಿಯಲ್ಲಿ ಅವಸರವಿಲ್ಲದೆ ಸುತ್ತಿ, ಒಂದೊಂದೇ ಸ್ವರಕ್ಕೆ ಏರಿ, ಮಧ್ಯಮದ ಮೇಲೆ ಕಾಲೂರಿ ನಿಂತು ಪಂಚಮದ ಕಡೆ ನೋಡುತ್ತಿರುವಾಗ ಅದು ಹಿಂಡಿತು.

ಕಣ್ಣು ಕತ್ತಲೆಯಾಯಿತು. ಉಸಿರು ಬಿಡುತ್ತ ಬಿಡುತ್ತ ಹಿಡಿ ಸಡಿಲವಾಗುತ್ತದೆ ಎಂದು ಡಾಕ್ಟರು ಹೇಳಿದ್ದು ಎಲ್ಲಿಂದಲೋ ನೆನಪಾಗಿ, ಇದ್ದ ಉಸಿರನ್ನೆಲ್ಲ ನಿಧಾನವಾಗಿ ಕೊಳಲಿಗೆ ಬಿಟ್ಟ. ಸ್ವರ ಎಳೆಯಿತು, ಎಳೆಯಿತು, ದಾರದಷ್ಟು ಸಣ್ಣಗಾಯಿತು. ನೋವು ತುದಿ ಮುಟ್ಟಿ ಇಳಿಯಿತು. ಚಪ್ಪರದಲ್ಲಿ ಯಾರೋ "ಆಹಾ" ಎಂದರು. ಅವರಿಗೇನು ಗೊತ್ತು! ಒಳಗೆ ಒಂದು ಹುಚ್ಚು ಗೆಲುವು ಎದ್ದಿತು, ನಗು ಒತ್ತರಿಸಿ ಬಂತು, ಪಂಚಮಕ್ಕೆ ಜಿಗಿದು, ಅಲ್ಲಿಂದ ಮೇಲಕ್ಕೆ ಧಾವಿಸಿದ. ವರದರಾಜ ಕಣ್ಣರಳಿಸಿ ಹಿಂದೆಯೇ ಓಡಿ ಬಂದ. ಆರು ನಿಮಿಷ ಕಳೆದಿರಬೇಕು. ಎರಡನೆಯ ಸಲ ಹಿಂಡಿದಾಗ ಉಸಿರು ಬಿಟ್ಟರೂ ಸಡಿಲವಾಗಲಿಲ್ಲ. ಪಾನಕದ ಎರಡು ಲೋಟವೂ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿದ್ದವು. ಈ ಸಲ ಇದು ಭ್ರಮೆಯಲ್ಲ. ಪಂಚೆಯಲ್ಲಿ ಬೆಚ್ಚಗೆ ಒಂದು ಹನಿ ಹರಡಿದ್ದು ತಿಳಿಯಿತು. ಇನ್ನೊಂದು ಸಲ ಹಿಂಡಿದರೆ ವೇದಿಕೆಯ ಜಮಖಾನ, ಮೈಕಿನ ತಂತಿ, ಎದುರಿಗೆ ಐನೂರು ಜನ. ಎದ್ದು ಓಡಿದರೆ ಕಚೇರಿ ಕೆಟ್ಟಿತೆಂದು ಓಡಿದ ಎನ್ನುತ್ತಾರೆ. ತಲೆಸುತ್ತು ಬಂದಂತೆ ಬೀಳೋಣವೇ? ಕೊಳಲು ಸೀಳಿದೆ ಎನ್ನೋಣವೇ? ಒಂದು ಉಸಿರಿನಲ್ಲಿ ನಾಲ್ಕು ಸುಳ್ಳು ಹೊಳೆದವು, ನಾಲ್ಕೂ ಚೆನ್ನಾಗಿದ್ದವು. ಕೊಳಲನ್ನು ತುಟಿಯಿಂದ ತೆಗೆದ. ಮೈಕು ಎದುರಿಗೇ ಇತ್ತು.

"ಸಭಿಕರಲ್ಲಿ ಒಂದು ಮಾತು," ಎಂದ. ಬೀದಿಯ ಗೋಡೆ ಅದನ್ನೂ ಮರಳಿಸಿತು. "ನನಗೆ ಆರು ವಾರದ ಹಿಂದೆ ಪ್ರಾಸ್ಟೇಟ್ ಆಪರೇಷನ್ ಆಗಿದೆ. ಮೂತ್ರ ತಡ್ಕೊಳ್ಳೋಕೆ ಆಗೋಲ್ಲ. ಈಗ ಹೋಗಲೇಬೇಕು. ಐದು ನಿಮಿಷ ಎದ್ದು ಹೋಗಿ ಬರ್ತೀನಿ. ಕಲ್ಯಾಣಿ ಅರ್ಧ ಆಗಿದೆ, ಪೂರ್ತಿ ಮಾಡ್ತೀನಿ. ದಯವಿಟ್ಟು ಕಾದಿರಿ."

ಹಿಂದಿನಿಂದ ಯಾರದೋ ಕಿಸಕ್ಕೆಂಬ ನಗು, ಅದಕ್ಕೆ ಯಾರದೋ "ಥೂ, ಸುಮ್ನಿರು." ಶೀನಣ್ಣ ಮೃದಂಗದ ಮೇಲೆ ಬಗ್ಗಿ, "ಲೋ, ಹರ್ನಿಯಾ ಅಂದಿದ್ಯಲ್ಲೋ!" ಎಂದು ಪಿಸುಗುಟ್ಟಿದ. "ಸುಳ್ಳು ಕಣೋ," ಎಂದು ಚಕ್ರಪಾಣಿ ಎದ್ದ. ಮೈ ಹಗುರವಾಗಿತ್ತು, ಯಾರೋ ಹೊತ್ತಿದ್ದ ಮೂಟೆ ಇಳಿಸಿಕೊಂಡ ಹಾಗೆ. ಹಿಂದೆ ವರದರಾಜ ಯಾರೂ ಹೇಳದೆ ಪಿಟೀಲಿನಲ್ಲಿ ಕಲ್ಯಾಣಿಯನ್ನು ಎತ್ತಿಕೊಂಡ. ಮೆಟ್ಟಿಲು ಇಳಿದು ಚಪ್ಪರದ ಪಕ್ಕದಿಂದ ಹಿಂಬದಿಯ ತಟ್ಟಿ ಕಟ್ಟಿದ ಮರೆಗೆ ಅರ್ಧ ದಾರಿ ಹೋಗಿದ್ದಾಗ ಬೆತ್ತ ಊರುವ ಸದ್ದು. ತಿರುಗಿದರೆ ಪಂಚಾಕ್ಷರಯ್ಯನವರು. ಅವರ ಹಿಂದೆ ಕುರ್ಚಿ ಸಾಲಿನ ಇನ್ನೊಬ್ಬರು, ಮತ್ತೊಬ್ಬರು, ನಿವೃತ್ತ ಅಮಲ್ದಾರರು, ಕನ್ನಡಕದ ಮೇಷ್ಟ್ರು, ಚಾಪೆಯಿಂದ ಎದ್ದ ಐದಾರು ಜನ, ಒಬ್ಬರನ್ನೊಬ್ಬರು ನೋಡದೆ, ಪಂಚೆ ಎತ್ತಿಕೊಂಡು, ಬೇಗ ಬೇಗ. ಕಚೇರಿ ಬಿಟ್ಟು ಎದ್ದರು ಎಂದೇ ಒಂದು ಕ್ಷಣ ಅಂದುಕೊಂಡ. ಅವರೆಲ್ಲರೂ ತಟ್ಟಿಯ ಕಡೆಗೇ ಬರುತ್ತಿದ್ದರು.

ತಟ್ಟಿಯ ಒಳಗೆ ಹಿರಿಯರು ಸಾಲಾಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಯಾರಿಗೂ ಸಲೀಸಾಗಿ ಬರಲಿಲ್ಲ. ಚಕ್ರಪಾಣಿಗೆ ಬಂತು, ಹಿಂಡುತ್ತ ಉರಿಯುತ್ತ ಬಂತು, ಬರುತ್ತಲೇ ಹಿಡಿ ಬಿಟ್ಟಿತು. ಆ ನೆಮ್ಮದಿಗೆ ತಲೆಯನ್ನು ಗೋಡೆಗೆ ಆನಿಸಿಬಿಟ್ಟ. ಪಕ್ಕದಲ್ಲಿ ಪಂಚಾಕ್ಷರಯ್ಯನವರು ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಾಯುತ್ತಿದ್ದರು.

"ಮೂರು ವರ್ಷದಿಂದ ಇದೇ ಗೋಳು ಸ್ವಾಮಿ," ಎಂದರು ಗೋಡೆಗೆ ಹೇಳುವಂತೆ. "ಮನೇಲೂ ಹೇಳಿಲ್ಲ. ಇಲ್ಲಿ ಮುಂದಿನ ಕುರ್ಚಿ ಕೊಡ್ತಾರೆ. ಎದ್ರೆ, ಕಚೇರಿ ಹಿಡಿಸಲಿಲ್ಲ, ಅದಕ್ಕೇ ಎದ್ದ ಅಂತಾರೆ. ಪಾಪ, ಹೋದ ವರ್ಷ ಒಬ್ಬ ಹುಡುಗ ಎಷ್ಟು ಚೆನ್ನಾಗಿ ಹಾಡಿದ, ನಾನು ಎದ್ದೆ ಅಂತ ಈ ವರ್ಷ ಅವನನ್ನ ಕರೀಲೇ ಇಲ್ಲವಂತೆ." ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು: "ನೋವಾಗುತ್ತಾ?"

ಇಲ್ಲ ಎನ್ನಲು ಬಾಯಿ ತೆರೆದವನು, "ಆಗುತ್ತೆ," ಎಂದ ಚಕ್ರಪಾಣಿ. "ಕೊಯ್ದಿದ್ದು ಬೇಗ ಮಾಯುತ್ತೆ. ಆಮೇಲೆ ಒಳಗೆ ಹಿಂಡುತ್ತೆ, ಅದೇ ದೊಡ್ಡದು. ಅದಕ್ಕೆ ಹನಿ ಇದೆ, ಅರ್ಧ ಗಂಟೇಲಿ ಕೇಳುತ್ತೆ. ಬಾಯಿ ಮಾತ್ರ ಒಣಗಿಹೋಗುತ್ತೆ."

"ಮತ್ತೆ ನುಡಿಸ್ತಾ ಇದ್ದೀರಿ?"

"ಇವತ್ತು ಮಧ್ಯಾಹ್ನದ ಹನಿ ಉಗುಳಿಬಿಟ್ಟೆ. ಮಾಡಬಾರದಾಗಿತ್ತು."

ಪಂಚಾಕ್ಷರಯ್ಯನವರ ಹೊಟ್ಟೆ ಕುಲುಕಿತು. ನಗು ಸಾಲಿನ ಉದ್ದಕ್ಕೂ ಹಬ್ಬಿ, ಕೊನೆಯಲ್ಲಿದ್ದ ಮೇಷ್ಟ್ರಿಗೆ ಕೆಮ್ಮು ಬಂತು. "ನನಗೆ ಕೊಳಲಿನ ಉಸಾಬರಿ ಇಲ್ಲ," ಎಂದರು ಪಂಚಾಕ್ಷರಯ್ಯನವರು, "ನಾನು ಅಷ್ಟನ್ನೂ ಕುಡೀಬಹುದು." ಮತ್ತೆ ಗಂಭೀರವಾಗಿ, "ನಾಳೆ ನನ್ನ ಕರ್ಕೊಂಡು ಹೋಗ್ತೀರಾ, ಆ ಡಾಕ್ಟರ ಹತ್ತಿರ? ಒಬ್ಬನೇ ಹೋಗೋಕೆ ಹೆದರಿಕೆ ನನಗೆ."

"ಬರ್ತೀನಿ. ಹತ್ತು ಗಂಟೆಗೆ ಬರ್ತೀನಿ," ಎಂದ ಚಕ್ರಪಾಣಿ.

"ನೀವು ನಡೀರಿ ಸ್ವಾಮಿ, ಜನ ಕಾಯ್ತಾ ಇದಾರೆ. ನನ್ನದು ತಡ."

ತಟ್ಟಿಯ ಹೊರಗೆ ಆಂಡಾಳ್ ನಿಂತಿದ್ದಳು, ಮಡಿಸಿದ ಪಂಚೆಯನ್ನು ಮುಂದೆ ಹಿಡಿದು. ಮರೆಗೆ ಹೋಗಿ ಬದಲಾಯಿಸಿಕೊಂಡ. ಅವಳ ಮುಖ ಕೆಂಪಾಗಿತ್ತು, ನಾಚಿಕೆಗೋ ನಗುವಿಗೋ ತಿಳಿಯಲಿಲ್ಲ. "ವಿಶಾಲಮ್ಮನೂ ಬಂದಿದಾರೆ," ಎಂದಳು ಅಷ್ಟೆ. ಅವನು ಅವಳ ಮೊಳಕೈ ಮುಟ್ಟಿ ವೇದಿಕೆಯ ಕಡೆ ಹೆಜ್ಜೆ ಹಾಕಿದ, ಓಡಬಾರದೆಂದು ಡಾಕ್ಟರು ಹೇಳಿದ್ದರಿಂದ ಓಡದೆ, ಆದರೂ ಓಡುವಷ್ಟೇ ಬೇಗ.

ಜನ ಒಬ್ಬರೂ ಕದಲಿರಲಿಲ್ಲ. ವರದರಾಜ ಮಂದ್ರದಲ್ಲಿ ಸುತ್ತುತ್ತಿದ್ದವನು ಇವನನ್ನು ನೋಡಿ ಕಮಾನು ಇಳಿಸಿದ. ಚಕ್ರಪಾಣಿ ಕೂತು, ಪಂಚೆ ಸರಿಪಡಿಸಿಕೊಂಡು, ಕೊಳಲು ಎತ್ತಿ ತುಟಿಗೆ ಇಟ್ಟ. ತುಟಿ ಒದ್ದೆಯಾಗಿತ್ತು, ಎದೆಯಲ್ಲಿ ಉಸಿರು ತುಂಬಿತ್ತು, ಮುಂದಿನ ಸ್ವರ ಬೆರಳ ತುದಿಯಲ್ಲಿ ಬಂದು ನಿಂತಿತ್ತು. ಎದುರಿಗೆ ಹಿರಿಯರು ಒಬ್ಬೊಬ್ಬರಾಗಿ ಬಂದು ಕುರ್ಚಿಗಳಲ್ಲಿ ಕೂರುತ್ತಿದ್ದರು. ನಡುವಿನದೊಂದು ಖಾಲಿ ಇತ್ತು. ದೊರೆಸ್ವಾಮಿ ಪಕ್ಕದಿಂದ, "ಶುರು ಮಾಡಿ, ಶುರು ಮಾಡಿ," ಎಂದು ಕೈಸನ್ನೆ ಮಾಡಿದ. ಶೀನಣ್ಣ ಹುಬ್ಬು ಹಾರಿಸಿದ. ಚಕ್ರಪಾಣಿ ತಲೆಯಾಡಿಸಲಿಲ್ಲ. ಕೊಳಲನ್ನು ತುಟಿಯಲ್ಲೇ ಇಟ್ಟುಕೊಂಡು ಕಾದ. ಶ್ರುತಿಪೆಟ್ಟಿಗೆ ಒಂದೇ ಸಮನೆ ಮೊರೆಯುತ್ತಿತ್ತು, ಐನೂರು ಜನ ಯಾಕೆಂದು ತಿಳಿಯದೆ ಅವನ ಜೊತೆ ಕಾದರು. ಚಪ್ಪರದ ಪಕ್ಕದಿಂದ ಬೆತ್ತದ ಸದ್ದು ಬಂತು. ಪಂಚಾಕ್ಷರಯ್ಯನವರು ನಿಧಾನವಾಗಿ ನಡೆದು ಬಂದು, ಕುರ್ಚಿಯಲ್ಲಿ ಕೂತು, ಬೆತ್ತವನ್ನು ಮೊಣಕಾಲಿಗೆ ಒರಗಿಸಿ, ರುಮಾಲು ಸರಿಮಾಡಿಕೊಂಡು, ಆಗಲಿ ಎಂದು ಅವನಿಗೆ ತಲೆಯಾಡಿಸಿದರು.

ಆಮೇಲೆ ಅವನು ಪಂಚಮ ಹಿಡಿದ.